ಲಕೋಟೆಯೊಳಗಿನ ಹೆಸರು

ಲಾಸ್ ಏಂಜಲೀಸ್ ನಗರದಲ್ಲಿ ಭಾನುವಾರ ಸಂಜೆ ಐದು ಗಂಟೆಯಾದಾಗ ನಮ್ಮ ಸೇಡಮ್ಮಿನಲ್ಲಿ ಸೋಮವಾರದ ಬೆಳಗಿನ ಐದೂವರೆ. 2023ನೆಯ ಇಸವಿ ಮಾರ್ಚ್ 13ರಂದು ಆ ಹೊತ್ತಿಗೆ ನಾವು ಏಳು ಜನ ಮಿತ್ರರೊಬ್ಬರ ಮನೆಯ ಪಡಸಾಲೆಯಲ್ಲಿ, ಶಹಾಬಾದಿ ಫರಸಿಯ ಮೇಲೆ ಜಮಖಾನೆ ಹಾಸಿಕೊಂಡು, ಟೆಲಿವಿಷನ್ನಿನ ಎದುರು ಕುಳಿತಿದ್ದೆವು. ಆಸ್ಕರ್ ಎಂದು ಲೋಕವೆಲ್ಲ ಕರೆಯುವ ಚಲಚ್ಚಿತ್ರ ಪಾರಿತೋಷಕಗಳು ಆ ಬೆಳಗ್ಗೆ ಹಂಚಿಕೆಯಾಗುವುದಿದ್ದಿತು. ಕ್ರಿಕೆಟ್ ಪಂದ್ಯಕ್ಕೆ ಹೀಗೆ ಕೂಡುವುದುಂಟು, ಚುನಾವಣೆಯ ಎಣಿಕೆಗೂ ಉಂಟು. ಸಿನಿಮಾದ ಬಹುಮಾನಕ್ಕಾಗಿ ಸೇಡಮ್ಮಿನಲ್ಲಿ ಜನ ನಸುಕಿನಲ್ಲೆದ್ದು ಕಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಕಾರಣ ವಾಚಕರಿಗೆ ನೆನಪಿರಬಹುದು. ‘ಆರ್.ಆರ್.ಆರ್.’ ಎಂಬ ತೆಲುಗು ಚಿತ್ರದ ‘ನಾಟು ನಾಟು’ ಹಾಡು ಕೊನೆಯ ಐದರ ಪಟ್ಟಿಯಲ್ಲಿ ನಿಂತಿದ್ದಿತು.

ಮನೆಯ ಯಜಮಾನರು ಇತಿಹಾಸದ ಅಧ್ಯಾಪಕರು. ಅವರ ಶ್ರೀಮತಿಯವರು, ಶಹಾಬಾದಿನಿಂದ ಬಂದಿದ್ದ ಅವರ ಸೋದರ ಸೊಸೆ, ಚಿತ್ತಾಪುರದ ಒಬ್ಬ ಗಣಿತದ ಮೇಷ್ಟರು, ವಾಡಿಯಲ್ಲಿ ರೈಲ್ವೆ ನೌಕರಿ ಮುಗಿಸಿ ವಿಶ್ರಾಂತರಾದ ಹಿರಿಯರೊಬ್ಬರು, ಚಿಂಚೋಳಿ ತಾಲ್ಲೂಕಿನ ಗಡಿಯ ಹಳ್ಳಿಯಿಂದ ಬಂದು ಕನ್ನಡವನ್ನು ಐಚ್ಛಿಕವಾಗಿ ಓದುತ್ತಿದ್ದ ನನ್ನ ಶಿಷ್ಯ, ಮತ್ತು ನಾನು. ಬೆಳಗಿನ ಬಸ್ಸು ಸಿಗದೆಂದು ಹುಡುಗ ಹಿಂದಿನ ರಾತ್ರಿಯೇ ಬಂದು ನನ್ನ ಕೋಣೆಯಲ್ಲಿ ಮಲಗಿದ್ದನು.

ಗಣಿತದ ಮೇಷ್ಟರ ಸೂಚನೆಯಂತೆ ಒಂದು ಪಣ ಕಟ್ಟಿದೆವು. ಪ್ರತಿಯೊಬ್ಬರೂ ಐದು ವಿಭಾಗಗಳಲ್ಲಿ ಗೆಲ್ಲುವವರ ಹೆಸರನ್ನು ಚೀಟಿಯಲ್ಲಿ ಬರೆದು, ಎಲ್ಲವನ್ನೂ ಒಂದು ಖಾಕಿ ಲಕೋಟೆಯಲ್ಲಿ ಹಾಕಿ ಅಂಟು ಬಳಿಯುವುದು. ಅತಿ ಕಡಿಮೆ ಸರಿಯಾದವರು ಎಲ್ಲರಿಗೂ ಮಿರ್ಚಿ ಭಜಿ, ಸುಸಲಾ ತರಿಸುವುದು. ನಾನು ಬಹಳ ಯೋಚಿಸಿ ಬರೆದೆನು. ಯೋಚಿಸಿದ್ದೇ ಕೆಟ್ಟಿತೆಂದು ಆಮೇಲೆ ತಿಳಿಯಿತು.

ಈ ಲಕೋಟೆಯ ಕಥೆಯನ್ನು ಸ್ವಲ್ಪ ಹೇಳಬೇಕು. ಭವಿಷ್ಯ ನುಡಿಯುವ ಆಟವೆಲ್ಲ ಹುಟ್ಟಿದ್ದು ಅದರಿಂದಲೇ. 1929ರ ಮೇ 16ರಂದು ಹಾಲಿವುಡ್ಡಿನ ಒಂದು ಹೋಟೆಲಿನಲ್ಲಿ ಮೊದಲ ಆಸ್ಕರ್ ಸಮಾರಂಭ ನಡೆದಾಗ ಊಟಕ್ಕೆ ಕುಳಿತವರು ಸುಮಾರು 270 ಜನ. ಪಾರಿತೋಷಕ ಕೊಡುವ ಕೆಲಸ ಕಾಲು ಗಂಟೆಯಲ್ಲಿ ಮುಗಿದುಹೋಯಿತು. ಊಹೆಗೆ ಅಲ್ಲಿ ಎಡೆಯೇ ಇರಲಿಲ್ಲ, ಏಕೆಂದರೆ ಗೆದ್ದವರ ಹೆಸರು ಮೂರು ತಿಂಗಳು ಮೊದಲೇ ಪ್ರಕಟವಾಗಿದ್ದಿತು. ಮುಂದಿನ ವರ್ಷಗಳಲ್ಲಿ ಹೆಸರುಗಳನ್ನು ಗುಟ್ಟಾಗಿ ಪತ್ರಿಕೆಗಳಿಗೆ ಮಾತ್ರ ಮುಂಚಿತವಾಗಿ ತಿಳಿಸಿ, ರಾತ್ರಿ ಹನ್ನೊಂದರ ತನಕ ಅಚ್ಚು ಹಾಕಬೇಡಿರೆಂದು ಕೇಳಿಕೊಳ್ಳುವ ಪದ್ಧತಿ ಬಂದಿತು. ಪತ್ರಿಕೆಯವರ ಹೊಟ್ಟೆಯಲ್ಲಿ ಸುದ್ದಿ ಎಷ್ಟು ಹೊತ್ತು ನಿಂತೀತು? 1940ರಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ ಪತ್ರಿಕೆಯು ಸಂಜೆಯ ಸಂಚಿಕೆಯಲ್ಲೇ ಹೆಸರುಗಳನ್ನು ಅಚ್ಚು ಹಾಕಿಬಿಟ್ಟಿತು. ಸಮಾರಂಭಕ್ಕೆ ಬರುತ್ತಿದ್ದವರು ಬಾಗಿಲಲ್ಲೇ ಪತ್ರಿಕೆ ಓದಿಕೊಂಡು ಒಳಗೆ ಹೋದರು. ಮರುವರ್ಷದಿಂದ, 1941ರಿಂದ, ಮುದ್ರೆಯೊತ್ತಿದ ಲಕೋಟೆ ಬಂದಿತು. 1953ರಲ್ಲಿ ಟೆಲಿವಿಷನ್ ಬಂದ ಮೇಲಂತೂ ಆ ಲಕೋಟೆ ಹರಿಯುವ ಕ್ಷಣವೇ ಸಮಾರಂಭದ ಪ್ರಾಣವಾಯಿತು. 2017ರಲ್ಲಿ ತಪ್ಪು ಲಕೋಟೆ ಕೈಗೆ ಬಂದು, ಸೋತ ಚಿತ್ರದವರು ವೇದಿಕೆಯೇರಿ ಕೃತಜ್ಞತೆಯ ಭಾಷಣ ಮಾಡುತ್ತಿರುವಾಗ ಗೆದ್ದ ‘ಮೂನ್‌ಲೈಟ್’ ಚಿತ್ರದವರನ್ನು ಕರೆತರಬೇಕಾದ ಪ್ರಸಂಗವೂ ನಡೆಯಿತು.

ನಮ್ಮ ದೇಶದ ಚಿತ್ರಪ್ರಶಸ್ತಿಗಳಿಗೆ ಈ ಲಕೋಟೆಯ ಉಪಾಧಿ ಇಲ್ಲ. 1954ರ ಅಕ್ಟೋಬರ್ 10ರಂದು ದಿಲ್ಲಿಯಲ್ಲಿ ಮೊದಲ ಬಾರಿ ಕೊಟ್ಟ ಕಾಲದಿಂದಲೂ ತೀರ್ಪುಗಾರರು ಕುಳಿತು ನೋಡುತ್ತಾರೆ, ಹೆಸರು ಪ್ರಕಟವಾಗುತ್ತದೆ, ಆಮೇಲೊಂದು ದಿನ ಪದಕ ಕೊಡುತ್ತಾರೆ. ಆ ಮೊದಲ ವರ್ಷದ ಸುವರ್ಣಪದಕ ಬಂದದ್ದು ಹಿಂದಿಗಲ್ಲ, ಮರಾಠಿಯ ‘ಶ್ಯಾಮ್‌ಚಿ ಆಯಿ’ ಚಿತ್ರಕ್ಕೆ. ಮರುವರ್ಷ, 1954ರ ಚಿತ್ರಗಳಲ್ಲಿ, ನಮ್ಮ ‘ಬೇಡರ ಕಣ್ಣಪ್ಪ’ನಿಗೆ ಯೋಗ್ಯತಾಪತ್ರ ದೊರೆಯಿತು.

ಇರಲಿ. ಪಡಸಾಲೆಗೆ ಮರಳೋಣ.

ಚಹಾ ಎರಡನೆಯ ಸಲ ಬಂದಿತು. ಸಾಕ್ಷ್ಯಚಿತ್ರದ ವಿಭಾಗದಲ್ಲಿ ‘ದಿ ಎಲಿಫೆಂಟ್ ವಿಸ್ಪರರ್ಸ್’ ಎಂದು ಕೂಗಿದಾಗ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಬಂಡೀಪುರಕ್ಕೆ ಅಂಟಿಕೊಂಡಂತಿರುವ ಮುದುಮಲೈ ಕಾಡಿನಲ್ಲಿ ತಬ್ಬಲಿ ಆನೆಮರಿಗಳನ್ನು ಸಾಕಿದ ಬೊಮ್ಮನ್ ಮತ್ತು ಬೆಳ್ಳಿ ಎಂಬ ದಂಪತಿಗಳ ಚಿತ್ರವದು. ನಮ್ಮಲ್ಲಿ ಅದನ್ನು ಬರೆದವರು ಮನೆಯಾಕೆಯೊಬ್ಬರೇ. ಹೇಗೆ ಊಹಿಸಿದಿರೆಂದು ಕೇಳಿದರೆ, “ಆನಿ ಇದ್ದದ್ದು ಬಿಟ್ಟು ಬ್ಯಾರೇದಕ್ಕ ಹ್ಯಾಂಗ ಕೊಡ್ತಾರ್ರಿ?” ಎಂದರು. ವಿಮರ್ಶಾಶಾಸ್ತ್ರ ಇದಕ್ಕೆ ಏನು ಉತ್ತರ ಕೊಟ್ಟೀತೋ ನನಗೆ ತಿಳಿಯದು.

‘ನಾಟು ನಾಟು’ ಹಾಡಿನ ಪ್ರದರ್ಶನವನ್ನು ಪರಿಚಯಿಸಲು ದೀಪಿಕಾ ಪಡುಕೋಣೆ ವೇದಿಕೆಗೆ ಬಂದರು. “ನಮ್ಮ ಬೆಂಗಳೂರಿನಾಕಿ!” ಎಂದು ಶಹಾಬಾದಿನ ಹುಡುಗಿ ಚಪ್ಪಾಳೆಯಿಟ್ಟಳು. ಇತಿಹಾಸದ ಮಿತ್ರರು ಸುಮ್ಮನಿರಲಾರದೆ, “ಹುಟ್ಟಿದ್ದು ಕೋಪನ್‌ಹೇಗನ್‌ನ್ಯಾಗ” ಎಂದರು. ಯಾರು ಎಲ್ಲಿಯವರೆಂಬ ಚರ್ಚೆ ಅಲ್ಲಿಂದಲೇ ಶುರುವಾಯಿತೆನ್ನಬೇಕು. ರಾಹುಲ್ ಸಿಪ್ಲಿಗಂಜ್, ಕಾಲಭೈರವ ಇಬ್ಬರೂ ತೆಲುಗಿನಲ್ಲಿಯೇ ಹಾಡಿದರು. 2005ರಲ್ಲಿ ಸ್ಪಾನಿಷ್ ಹಾಡೊಂದು ಈ ಪಟ್ಟಿಗೆ ಬಂದಾಗ, ಅದನ್ನು ಬರೆದು ಹಾಡಿದ ಉರುಗ್ವೆ ದೇಶದ ಹೊರ್ಹೆ ಡ್ರೆಕ್ಸ್‌ಲರ್ ಎಂಬಾತನಿಗೆ ವೇದಿಕೆಯ ಮೇಲೆ ಹಾಡುವ ಅವಕಾಶ ಸಿಕ್ಕಿರಲಿಲ್ಲ. ಪ್ರಸಿದ್ಧ ನಟನೊಬ್ಬನಿಂದ ಹಾಡಿಸಿದ್ದರು. ಗೆದ್ದ ಡ್ರೆಕ್ಸ್‌ಲರ್ ಭಾಷಣ ಮಾಡದೆ, ತನ್ನ ಹಾಡಿನ ಸಾಲುಗಳನ್ನು ತಾನೇ ಹಾಡಿ ಇಳಿದುಹೋದನು. ಅದಕ್ಕೆ ಹೋಲಿಸಿದರೆ ಕಾಲ ಬದಲಾಗಿದ್ದಿತು.

ಆಮೇಲೆ ಲಕೋಟೆ ಹರಿಯಿತು. ಹಾಡು ಗೆದ್ದಿತು. ಸಂಗೀತ ಕೊಟ್ಟ ಕೀರವಾಣಿ, ಪದ ಬರೆದ ಚಂದ್ರಬೋಸ್ ವೇದಿಕೆಯೇರಿದರು. ವಾಡಿಯ ಹಿರಿಯರು ಎದ್ದು ನಿಂತರು. ಹುಡುಗ ಒಂದು ಹೆಜ್ಜೆ ಕುಣಿದೇಬಿಟ್ಟನು.

ನಮ್ಮ ಲಕೋಟೆಯನ್ನೂ ಹರಿದರು. ಏಳು ಚೀಟಿಗಳಲ್ಲಿ ಆರರಲ್ಲಿ ‘ನಾಟು ನಾಟು’. ನನ್ನದೊಂದರಲ್ಲಿ ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರದ ಹಾಡು. ಎಲ್ಲರೂ ನನ್ನ ಕಡೆ ನೋಡಿದರು. ನಾನು ನನ್ನ ಲೆಕ್ಕವನ್ನು ವಿವರಿಸಿದೆನು. ಹಾಡಿಗೆ ಆಸ್ಕರ್ ಕೊಡಲು ತೊಡಗಿದ್ದು 1934ರ ಚಿತ್ರಗಳಿಂದ. ಅಲ್ಲಿಂದ ಈಚೆಗೆ ಗೆದ್ದ 88 ಹಾಡುಗಳಲ್ಲಿ ಇಂಗ್ಲಿಷ್ ಅಲ್ಲದವು ಮೂರೇ ಮೂರು: 1960ರ ‘ನೆವರ್ ಆನ್ ಸಂಡೇ’ ಚಿತ್ರದ ಗ್ರೀಕ್ ಹಾಡು, ಆಗ ಹೇಳಿದ ಸ್ಪಾನಿಷ್ ಹಾಡು, 2009ರಲ್ಲಿ ಗೆದ್ದ ‘ಜೈ ಹೋ’. ಆ ಮೂರನೆಯದೂ ಬ್ರಿಟಿಷರು ತೆಗೆದ ಚಿತ್ರದ್ದು. ಆದ್ದರಿಂದ ಸಂಭವ ಕಡಿಮೆಯೆಂದು ಬರೆದೆ ಎಂದೆನು. ಗಣಿತದ ಮೇಷ್ಟರು ತಲೆಯಾಡಿಸಿದರು. ಚಿಂಚೋಳಿಯ ಹುಡುಗ ಮಾತ್ರ, ಬಹಳ ವಿನಯದಿಂದಲೇ, “ಸರ್, ಇದು ಕನ್ನಡ ಹಾಡ ಇತ್ತಂದ್ರ ನೀವು ಹಿಂಗೇ ಲೆಕ್ಕ ಹಾಕ್ತಿದ್ರೇನ್ರಿ?” ಎಂದು ಕೇಳಿದನು.

ಅದೇ ಜನವರಿಯಲ್ಲಿ ಇದೇ ಹಾಡಿಗೆ ಗೋಲ್ಡನ್ ಗ್ಲೋಬ್ ಬಂದಿದ್ದಿತು. ಗೆಲ್ಲುವುದೆಂದು ಲೋಕವೆಲ್ಲ ಹೇಳುತ್ತಿದ್ದಿತು. ಎಂಬತ್ತೆಂಟು ವರ್ಷದ ಲೆಕ್ಕ ತೆಗೆದ ನಾನು ಎಂಟು ವಾರದ ಹಿಂದಿನ ಸುದ್ದಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹುಡುಗನಿಗೆ ಆ ಹೊತ್ತು ಉತ್ತರ ಕೊಡದೆ ಭಜಿ ತರಿಸಲು ಎದ್ದೆನು.

ಉತ್ತರವಿದ್ದಿತು, ಹೇಳಲು ನಾಚಿಕೆಯಾಯಿತು. ನಾನು ಬೆಳೆದದ್ದು ಚಿತ್ತಾಪುರದಲ್ಲಿ. 1997ರ ಸಾಲಿನ ಅತ್ಯುತ್ತಮ ಚಿತ್ರವೆಂದು ಗಿರೀಶ ಕಾಸರವಳ್ಳಿಯವರ ‘ತಾಯಿ ಸಾಹೇಬ’ಕ್ಕೆ ಸ್ವರ್ಣಕಮಲ ಬಂದಿತೆಂದು ಪತ್ರಿಕೆಯಲ್ಲಿ ಓದಿದಾಗ ನಾನಿನ್ನೂ ವಿದ್ಯಾರ್ಥಿ. ರಂ.ಶಾ. ಲೋಕಾಪುರ ಅವರ ಕಾದಂಬರಿ, ನಮ್ಮ ಉತ್ತರದ ಸೀಮೆಯ ಕಥೆ. ಇಂದು ಬಂದೀತು ನಾಳೆ ಬಂದೀತೆಂದು ಭಿತ್ತಿಪತ್ರ ನೋಡುತ್ತ ಕಾದೆನು. ಬರಲಿಲ್ಲ. ಆ ದಿನಗಳಲ್ಲಿ ನಾನು ನಿತ್ಯ ಹಾಯುತ್ತಿದ್ದ ಗೋಡೆಗಳ ಮೇಲೆಲ್ಲ ತೆಲುಗು ನಾಯಕರ ಮುಖಗಳು, ಹಿಂದಿ ನಾಯಕರ ಮುಖಗಳು. ಕಡೆಗೆ ಆ ಚಿತ್ರವನ್ನು ಎಷ್ಟೋ ವರ್ಷಗಳ ಮೇಲೆ ಟೆಲಿವಿಷನ್ನಿನಲ್ಲಿ, ಜಾಹೀರಾತುಗಳ ನಡುವೆ ನೋಡಿದೆನು. ದೇಶಕ್ಕೇ ಉತ್ತಮವೆನಿಸಿದ ಕನ್ನಡ ಚಿತ್ರ ಕನ್ನಡನಾಡಿನ ಒಂದು ತಾಲ್ಲೂಕು ಊರಿಗೆ ಬರಲಿಲ್ಲವೆಂಬ ಕಹಿ ನನ್ನ ಚೀಟಿಯಲ್ಲಿ ಕುಳಿತಿದ್ದಿತು. ಗ್ರೀಕ್, ಸ್ಪಾನಿಷ್ ಎಲ್ಲ ಅದರ ಮೇಲಿನ ಹೊದಿಕೆ.

ಈ ಕಹಿಗೆ ಕಾರಣ ತೆಲುಗರಲ್ಲ, ಒಂದು ನಕಾಶೆ. ನಮ್ಮ ಸೀಮೆ 1948ರ ಸೆಪ್ಟೆಂಬರ್ 17ರ ತನಕ ನಿಜಾಮರ ರಾಜ್ಯ. ಹೈದರಾಬಾದಿನಿಂದ ವಾಡಿಗೆ ಅವರು ಹಾಕಿಸಿದ ರೈಲುದಾರಿ 1874ರಲ್ಲಿ ತೆರೆಯಿತು. ತಾಂಡೂರು, ಸೇಡಂ, ಮಳಖೇಡ ರೋಡ್, ಚಿತ್ತಾಪುರ ಎಲ್ಲ ಆ ದಾರಿಯ ನಿಲ್ದಾಣಗಳು. 1956ರ ನವೆಂಬರ್ 1ರಂದು ರಾಜ್ಯಗಳನ್ನು ಭಾಷೆಯ ಮೇಲೆ ಬೇರೆ ಮಾಡಿದಾಗ ಗುಲ್ಬರ್ಗಾ ಜಿಲ್ಲೆ ಮೈಸೂರಿಗೆ ಬಂದಿತು. ಅದರಲ್ಲಿದ್ದ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. ರಾಜ್ಯ ಮುಗಿಯಿತು, ಆದರೆ ಚಿತ್ರ ಹಂಚುವ ವರ್ತಕರ ಲೆಕ್ಕದ ಪುಸ್ತಕದಲ್ಲಿ ಮುಗಿಯಲಿಲ್ಲ. ಹಿಂದಿ ಚಿತ್ರವ್ಯಾಪಾರದಲ್ಲಿ ‘ನಿಜಾಮ್’ ಎಂಬ ವಲಯವೊಂದು ಉಳಿದುಕೊಂಡಿತು. ತೆಲಂಗಾಣದ ಜೊತೆಗೆ ಗುಲ್ಬರ್ಗಾ, ಬೀದರ, ರಾಯಚೂರು, ಮತ್ತು ಮರಾಠವಾಡ ಎಲ್ಲ ಅದರೊಳಗೆ. ಭಾಷಾವಾರು ಪ್ರಾಂತದ ಹೋರಾಟಗಾರರು ಎಳೆದ ಗೆರೆಯನ್ನು ಸಿನಿಮಾ ವರ್ತಕರು ಒಪ್ಪಲೇ ಇಲ್ಲವೆಂದಾಯಿತು.

ವಾಡಿಯ ಹಿರಿಯರು ಅಂದು ಇದಕ್ಕೆ ತಮ್ಮ ಸಾಕ್ಷಿ ನುಡಿದರು. ಹೈದರಾಬಾದಿನ ಕಡೆಯ ಪ್ಯಾಸೆಂಜರ್ ಗಾಡಿಯಲ್ಲಿ ರೀಲಿನ ತಗಡಿನ ಪೆಟ್ಟಿಗೆಗಳು ಬರುತ್ತಿದ್ದುವಂತೆ. ಥಿಯೇಟರಿನ ಹುಡುಗ ಸೈಕಲ್ ಹಿಡಿದು ಪ್ಲಾಟ್‌ಫಾರಮ್ಮಿನಲ್ಲಿ ಕಾಯುತ್ತಿದ್ದನಂತೆ. ಗಾಡಿ ತಡವಾದರೆ ಮ್ಯಾಟಿನಿಯೂ ತಡ. “ಕನ್ನಡ ಪೆಟಗಿ ಬರಬೇಕಂದ್ರ ಅದು ಬ್ಯಾರೇ ದಿಕ್ಕಿನಿಂದ ಬರಬೇಕ್ರಿ. ನಮ್ಮ ಗಾಡಿಗಿ ಆ ದಿಕ್ಕಿನ ಸುದ್ದೀನೇ ಇರ್ಲಿಲ್ಲ” ಎಂದರು.

ಭಜಿ ತಿನ್ನುತ್ತ ಮಾತು ನಿರ್ದೇಶಕ ರಾಜಮೌಳಿಯವರ ಕಡೆ ಹೊರಳಿತು. ಅವರು 1973ರಲ್ಲಿ ಹುಟ್ಟಿದ್ದು ರಾಯಚೂರು ಜಿಲ್ಲೆಯ ಅಮರೇಶ್ವರ ಕ್ಯಾಂಪಿನಲ್ಲಿ. ತುಂಗಭದ್ರೆಯ ಕಾಲುವೆಯ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ನೆಲೆನಿಂತ ಊರುಗಳಿಗೆ ಆ ಕಡೆ ಕ್ಯಾಂಪ್ ಎನ್ನುತ್ತಾರೆ. “ಹಂಗಾದ್ರ ನಮ್ಮವರೇ” ಎಂದಳು ಶಹಾಬಾದಿನ ಹುಡುಗಿ. ನನಗೆ ನಗು ಬಂದಿತು. ಸೋತವರ ಭಾಷೆಗೆ ಗೆದ್ದವರ ಜನ್ಮಸ್ಥಳ ಎಷ್ಟು ಬೇಗ ನೆನಪಾಗುತ್ತದೆ! ಹೀಗೆ ಹಂಚಿಕೊಳ್ಳತೊಡಗಿದರೆ ನಾವು ನಮ್ಮದೆಂದು ಹೆಮ್ಮೆಪಡುವುದರಲ್ಲಿ ಎಷ್ಟನ್ನು ಹಿಂದಿರುಗಿಸಬೇಕಾದೀತೆಂಬ ಯೋಚನೆ ಅಂದಿನಿಂದ ನನ್ನನ್ನು ಹಿಡಿಯಿತು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು 1934ರ ಮಾರ್ಚ್ 3ರಂದು. ಹಣ ಹಾಕಿದವರು ಮಾರ್ವಾಡಿ ವರ್ತಕ ಚಮನ್‌ಲಾಲ್ ಡೂಂಗಾಜಿ, ಚಿತ್ರ ತೆಗೆದದ್ದು ಮರಾಠಿ ಸೀಮೆಯ ಕೊಲ್ಲಾಪುರದಲ್ಲಿ, ನಿರ್ದೇಶಿಸಿದವರು ವೈ.ವಿ. ರಾವ್, ನೆಲ್ಲೂರಿನ ತೆಲುಗರು. (ನಟಿ ಲಕ್ಷ್ಮಿಯವರ ತಂದೆಯೆಂದರೆ ನಮ್ಮ ಮನೆಗಳಲ್ಲಿ ಬೇಗ ಗುರುತು ಹತ್ತುತ್ತದೆ.) ‘ಬೇಡರ ಕಣ್ಣಪ್ಪ’ನ ಕಥೆಯ ಕ್ಷೇತ್ರ ಕಾಳಹಸ್ತಿ, ತೆಲುಗು ನಾಡು. ಅದೇ ಕಥೆಯನ್ನು ಅದೇ ವರ್ಷ ತೆಲುಗಿನಲ್ಲಿಯೂ ತೆಗೆದಾಗ ನಾಯಕರಾದವರು ರಾಜಕುಮಾರರೇ. ಕನ್ನಡದ ಹೊರಗೆ ಅವರು ನಾಯಕರಾಗಿ ನಟಿಸಿದ ಚಿತ್ರ ಅದೊಂದೇ.

ಇವೆಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ‘ಸಂಸ್ಕಾರ’. ಕನ್ನಡಕ್ಕೆ ಮೊಟ್ಟಮೊದಲು ರಾಷ್ಟ್ರಪತಿಗಳ ಸುವರ್ಣಪದಕ ತಂದ ಚಿತ್ರ, 1970ರದ್ದು. ಅನಂತಮೂರ್ತಿಯವರ ಕಾದಂಬರಿಯನ್ನು ನಾನು ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಪಾಠ ಹೇಳುತ್ತಿದ್ದೇನೆ. ಗಿರೀಶ ಕಾರ್ನಾಡರು ಚಿತ್ರಕಥೆ ಬರೆದರು, ಪ್ರಾಣೇಶಾಚಾರ್ಯರಾಗಿ ನಟಿಸಿದರು, ಲಂಕೇಶರು ನಾರಣಪ್ಪನಾದರು. ಮದರಾಸಿನ ಸೆನ್ಸಾರಿನವರು ಮೊದಲು ಚಿತ್ರವನ್ನು ತಡೆದರು. ಅನುಮತಿ ದೊರೆತು ತೆರೆಕಂಡ ಚಿತ್ರಕ್ಕೆ ದಿಲ್ಲಿ ಚಿನ್ನದ ಪದಕ ಕೊಟ್ಟಿತು. ಈ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ರಸವತ್ತಾಗಿ ಹೇಳಿದ್ದೇನೆ. ಹಣ ಹಾಕಿ ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿಯವರ ಹೆಸರನ್ನೂ ಹೇಳಿದ್ದೇನೆ. ಆದರೆ ಅವರು ನೆಲ್ಲೂರಿನವರು, 1939ರಲ್ಲಿಯೇ ‘ಫಿಡೇಲು ರಾಗಾಲ ಡಜನ್’ ಎಂಬ ಸಂಗ್ರಹದಿಂದ ತೆಲುಗು ಕಾವ್ಯಲೋಕವನ್ನು ಬೆಚ್ಚಿಸಿದ ಕವಿ ಎಂಬುದನ್ನು ಒಂದು ಸಲವಾದರೂ ಬಾಯಿಬಿಟ್ಟು ಹೇಳಿದ್ದೇನೆಯೇ? ಇಲ್ಲ. ಗುಟ್ಟು ಮಾಡಿದೆನೆಂದಲ್ಲ, ಹೇಳಬೇಕೆಂದೇ ತೋರಲಿಲ್ಲ. ಚಂದ್ರಿಯ ಪಾತ್ರ ವಹಿಸಿದ ಅವರ ಪತ್ನಿ ಸ್ನೇಹಲತಾ ರೆಡ್ಡಿಯವರು ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಸೇರಿ, ಆರೋಗ್ಯ ಕೆಟ್ಟು ಹೊರಬಂದು, 1977ರ ಜನವರಿಯಲ್ಲಿ ತೀರಿಕೊಂಡರು. ಕನ್ನಡಕ್ಕೆ ಆ ದಂಪತಿಗಳ ಋಣ ಪದಕದ ತೂಕಕ್ಕಿಂತ ದೊಡ್ಡದು.

ಅಲ್ಲಿಂದ ಮುಂದೆ ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಎಂದು ಆ ಚಿನ್ನ ಇನ್ನೂ ಐದು ಸಲ ಕನ್ನಡಕ್ಕೆ ಬಂದಿತು. ಐದರಲ್ಲಿ ನಾಲ್ಕು ಕಾಸರವಳ್ಳಿಯವರೊಬ್ಬರದೇ.

ಸಿನಿಮಾದ ಮಾತು ಹೀಗಾದರೆ ನನ್ನ ಸ್ವಂತ ಕ್ಷೇತ್ರವಾದ ಹಳಗನ್ನಡದಲ್ಲಾದರೂ ಲೆಕ್ಕ ಚೊಕ್ಕಟವಾಗಿದೆಯೇ? ನಾವು ಕುಳಿತಿದ್ದ ಪಡಸಾಲೆಯಿಂದ ಕಲಬುರಗಿಯ ರಸ್ತೆ ಹಿಡಿದರೆ ಅರ್ಧ ಗಂಟೆಯಲ್ಲಿ ಕಾಗಿಣಾ ನದಿಯ ದಂಡೆಯ ಮಳಖೇಡ ಸಿಗುತ್ತದೆ, ರಾಷ್ಟ್ರಕೂಟರ ಮಾನ್ಯಖೇಟ. ಬಹುಮಾನ ಕೊಡುವ ಊರುಗಳಲ್ಲಿ ಅದರಷ್ಟು ದೊಡ್ಡದು ಹತ್ತನೆಯ ಶತಮಾನದ ದಕ್ಷಿಣದಲ್ಲಿ ಇನ್ನೊಂದಿರಲಾರದು. 939ರಿಂದ 967ರ ತನಕ ಆಳಿದ ಮೂರನೆಯ ಕೃಷ್ಣನು ‘ಶಾಂತಿಪುರಾಣ’ದ ಕವಿ ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದನ್ನು ಕೊಟ್ಟನು. ಎರಡು ಭಾಷೆಗಳ, ಎಂದರೆ ಕನ್ನಡ ಸಂಸ್ಕೃತಗಳ, ಚಕ್ರವರ್ತಿ. ಕವಿಗೂ ಸಂಕೋಚವಿರಲಿಲ್ಲ, ತಾನು ಕನ್ನಡದಲ್ಲಿ ಅಸಗನಿಗಿಂತ ನೂರು ಮಡಿ, ಸಂಸ್ಕೃತದಲ್ಲಿ ಕಾಳಿದಾಸನಿಗಿಂತ ನಾಲ್ಕು ಮಡಿ ಮೇಲೆಂದು ಹೇಳಿಕೊಂಡನು. ಆಸ್ಕರ್ ಗೆದ್ದವರು ತಾಯಿತಂದೆಗಳಿಗೆ ವಂದಿಸಿ ಕಣ್ಣೊರೆಸಿಕೊಳ್ಳುವುದನ್ನು ನೋಡಿದಾಗ ನನಗೆ ಪೊನ್ನನ ಗತ್ತು ನೆನಪಾಗುತ್ತದೆ.

ಆದರೆ ಈ ಪೊನ್ನನನ್ನು ಕಾವ್ಯಕ್ಕೆ ಪ್ರೇರಿಸಿದ ಮಲ್ಲಪಯ್ಯ, ಪುನ್ನಮಯ್ಯ ಸಹೋದರರು ವೆಂಗಿ ನಾಡಿನವರು, ಇಂದಿನ ಆಂಧ್ರದ ಕರಾವಳಿಯ ಕಡೆಯವರು. ಪೊನ್ನನೂ ಅಲ್ಲಿಂದಲೇ ಬಂದವನೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಕಾವ್ಯ ಕಾಲದ ಬಾಯಿಗೆ ಬೀಳದಂತೆ ಅದರ ಸಾವಿರ ಪ್ರತಿ ಬರೆಯಿಸಿ ಹಂಚಿದ ಅತ್ತಿಮಬ್ಬೆ ಆ ಮಲ್ಲಪಯ್ಯನ ಮಗಳು. ಅತ್ತ ನಮ್ಮ ಆದಿಕವಿ ಪಂಪನ ಪೂರ್ವಿಕರೂ ವೆಂಗಿಯವರೇ. ಅವನ ತಮ್ಮ ಜಿನವಲ್ಲಭನು ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತವಿದೆ, ಕನ್ನಡವಿದೆ, ತೆಲುಗಿನ ಕಂದಪದ್ಯಗಳೂ ಇವೆ. ತೆಲುಗರು ಅವನ್ನು ತಮ್ಮ ಭಾಷೆಯ ಅತಿ ಹಳೆಯ ಕಂದಪದ್ಯಗಳಲ್ಲಿ ಎಣಿಸುತ್ತಾರೆ. ಅಣ್ಣನ ಕಾವ್ಯ ನಮ್ಮ ಪಠ್ಯ, ತಮ್ಮನ ಬಂಡೆ ಅವರ ಪಠ್ಯ. ಪಾಲುಪಟ್ಟಿ ಮಾಡಲು ಕುಳಿತ ಶಾನುಭೋಗನಿಗೂ ತಲೆ ಕೆಡುವ ವ್ಯವಹಾರ.

ಇದರಿಂದ ‘ತಾಯಿ ಸಾಹೇಬ’ ಚಿತ್ತಾಪುರಕ್ಕೆ ಬಾರದ ದುಃಖ ಹೋಯಿತೆಂದು ನಾನು ಹೇಳುವುದಿಲ್ಲ. ಅದು ನ್ಯಾಯವಾದ ದುಃಖ. ಪೆಟ್ಟಿಗೆ ಬರುವ ದಿಕ್ಕನ್ನು ತಿದ್ದುವವರು ನಮ್ಮಲ್ಲಿ ಯಾರೂ ಹುಟ್ಟಲಿಲ್ಲವೆಂದು ಇಂದಿಗೂ ಸಿಟ್ಟಾಗುತ್ತದೆ. ಆದರೆ ಆ ಸಿಟ್ಟನ್ನು ಒಂದು ಹಾಡಿನ ಮೇಲೆ ತೀರಿಸಿಕೊಂಡದ್ದು ಸರಿಯಲ್ಲ, ಅದರಲ್ಲೂ ನನ್ನ ಪಕ್ಕದಲ್ಲಿ, ಮನೆಯಲ್ಲಿ ತೆಲುಗು ಆಡುತ್ತ ಕಾಲೇಜಿನಲ್ಲಿ ಪಂಪ ಪೊನ್ನರನ್ನು ಓದುತ್ತಿದ್ದ ಹುಡುಗ ಕುಳಿತಿರುವಾಗ. ಮುಂದಿನ ವಾರ ತರಗತಿಯಲ್ಲಿ ‘ಸಂಸ್ಕಾರ’ ಬಂದಾಗ ಪಟ್ಟಾಭಿರಾಮ ರೆಡ್ಡಿಯವರು ಎಲ್ಲಿಯವರೆಂಬುದನ್ನು ಹೇಳಿದೆನು. ಹುಡುಗ ತ್ರಿಕೋಣದ ಹಾಳೆಯ ಅಂಚಿನಲ್ಲಿ ಬರೆದುಕೊಂಡನು. ನನ್ನ ಕಡೆ ನೋಡಲಿಲ್ಲ.

ಆ ದಿನದ ಒಟ್ಟು ಫಲಿತಾಂಶ ಹೇಳುವುದನ್ನು ಮರೆತೆ. ಅತ್ಯುತ್ತಮ ಚಿತ್ರದ ಜೊತೆಗೆ ಇನ್ನೂ ಆರು ಪಾರಿತೋಷಕಗಳನ್ನು ‘ಎವ್ರಿಥಿಂಗ್ ಎವ್ರಿವೇರ್ ಆಲ್ ಅಟ್ ಒನ್ಸ್’ ಬಾಚಿಕೊಂಡಿತು. ನಮ್ಮಲ್ಲಿ ನಾಲ್ಕು ಸರಿಯಾಗಿ ಬರೆದು ಗೆದ್ದವಳು ಶಹಾಬಾದಿನ ಹುಡುಗಿ. ನನ್ನದು ಒಂದು.

ಹುಡುಗ ಪದವಿ ಮುಗಿಸಿ ಊರಿಗೆ ಹೋದನು. 2024ರ ಆಗಸ್ಟ್ 16ರಂದು ರಾಷ್ಟ್ರಪ್ರಶಸ್ತಿಗಳು ಪ್ರಕಟವಾಗಿ, ‘ಕಾಂತಾರ’ದ ರಿಷಬ್ ಶೆಟ್ಟಿಯವರು ಅತ್ಯುತ್ತಮ ನಟರೆಂದಾದಾಗ ಅವನಿಂದ ಫೋನ್ ಬಂದಿತು. ಅಭಿನಂದನೆ ನನಗೇ ಹೇಳಿದನು, ಪ್ರಶಸ್ತಿ ನನಗೇ ಬಂದಂತೆ. ಮನೆಯಲ್ಲಿ ಎಲ್ಲರಿಗೂ ಸಂತೋಷವೇ ಎಂದು ಕೇಳಿದೆನು.

“ಭಾಳ ಖುಷಿ ಅದ್ರಿ ಸರ್. ನಮ್ಮ ಆಯಿ ಕಾಂತಾರ ನೋಡಿದ್ದು ತೆಲುಗಿನ್ಯಾಗಲ್ರಿ. ನಮ್ಮ ತೆಲುಗು ಹೀರೋಗೇ ಬಂತು ಅಂತ ಓಣಿ ತುಂಬ ಸಕ್ಕರಿ ಹಂಚ್ಯಾಳ್ರಿ.”

“ನೀನೇನು ಹೇಳಿದೆ?” ಎಂದೆನು.

“ನಾನೂ ತಿಂದ್ನಿರಿ” ಎಂದನು.